ಬೋರಲಿಂಗ ಭಾವನ ಎಡಗೈ

ನೋಡಿ, ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಎದೆ ಹಿಡಿದುಕೊಳ್ಳಬೇಡಿ. ಅರ್ಧ ಊರಿಗೆ ಗೋಡೆ ಎಬ್ಬಿಸಿ, ಇನ್ನರ್ಧಕ್ಕೆ ಇಟ್ಟಿಗೆ ಹೊರುತ್ತಿದ್ದ ನನ್ನ ಭಾವ ಬೋರಲಿಂಗನನ್ನು ನಿಲ್ಲಿಸಿದ ಗಂಡು ಯಾರು? ಊರ ಯಜಮಾನರಲ್ಲ. ಹಾರೆ ಗುದ್ದಲಿ ಹಿಡಿದು ಬಂದ ಗರಡಿಮನೆಯವರಲ್ಲ. ನಾನು, ಜವರಾಜು. ಒಂದೇ ಎಂಟ್ರಿ, ಒಂದೇ ಡೈಲಾಗು, ಒಂದೇ ಕೈ. ಅದೂ ಎಡಗೈ. ನಾನು ಬೀದಿಗೆ ಕಾಲಿಟ್ಟರೆ ಇಂಟರ್‌ವಲ್ ಕೂಡ ಎದ್ದು ನಿಂತು ದಾರಿ ಬಿಡುತ್ತದೆ. ನಿಮ್ಮೂರಲ್ಲಿ ಇಂಥ ಒಬ್ಬನಿದ್ದರೆ ಕರೆದುಕೊಂಡು ಬನ್ನಿ, ನಮ್ಮ ಟೆಂಟಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಕೊಡಿಸುತ್ತೇನೆ.

ಟೆಂಟು ಅಂದರೆ ನಮ್ಮೂರ ಟೆಂಟ್ ಸಿನಿಮಾ. ಜಟಕಾದಲ್ಲಿ ಕೂತು, ತಗಡಿನ ಕಹಳೆ ಹಿಡಿದು, "ಇಂದೇ ನೋಡಿ, ನಾಳೆ ಅಳಬೇಡಿ" ಎಂದು ಬೀದಿ ಬೀದಿ ಕೂಗುವುದು ನನ್ನ ಕೆಲಸ. ನಾನು ಕಲಿತದ್ದಲ್ಲ. ನಮ್ಮೂರಲ್ಲಿ ಯಾರೂ ಯಾವ ಕೆಲಸವನ್ನೂ ಕಲಿಯುವುದಿಲ್ಲ. ಕುಂಬಾರಿಕೆ, ಕ್ಷೌರ, ಒಗ್ಗರಣೆ, ಗಾರೆ, ಬಾಣಂತನ, ಎಲ್ಲವೂ ಎಲ್ಲರ ಕೈಗೂ ಹುಟ್ಟುವಾಗಲೇ ಗೊತ್ತಿರುತ್ತದೆ. ಮಗು ಹುಟ್ಟಿದ ದಿನವೇ ಎರಡೂ ಮಣಿಕಟ್ಟಿಗೆ ದಾರ ಬೀಳುತ್ತದೆ. ಬಲಗೈಗೆ ಅಪ್ಪನ ಮನೆಯ ದಾರ, ಎಡಗೈಗೆ ಅವ್ವನ ಮನೆಯ ದಾರ. ದಾರದ ತುಂಬ ಗಂಟು. ಕಟ್ಟಿದ ಗಂಟಿನ ಕೆಲಸ ಒಳಗೆ ಗೊರಕೆ ಹೊಡೆಯುತ್ತಿರುತ್ತದೆ, ಬಿಚ್ಚಿಕೊಂಡ ಗಂಟಿನ ಕೆಲಸ ಹೊಟ್ಟೆಪಾಡು ನೋಡಿಕೊಳ್ಳುತ್ತದೆ. ನನಗೆ ಬಿಚ್ಚಿಕೊಂಡದ್ದು ಕೂಗುವ ಗಂಟು. "ಇವನಿಗೆ ಆ ಗಂಟು ಕಟ್ಟಿದ್ದಾದರೂ ಯಾವಾಗ?" ಎನ್ನುತ್ತಾಳೆ ನನ್ನ ಅಕ್ಕ ದೇವೀರಮ್ಮ.

ಮದುವೆ ಬಂದರೆ ಯಜಮಾನ ಮರಿದೇವಯ್ಯನವರು ಇಡೀ ಬೀದಿಯ ಅಡುಗೆ ಗಂಟನ್ನು ಒಂದು ದಿನದ ಮಟ್ಟಿಗೆ ಸಡಿಲಿಸುತ್ತಾರೆ. ಊಟ ಮುಗಿದ ಮೇಲೆ ಮತ್ತೆ ಬಿಗಿಯುತ್ತಾರೆ. ಒಮ್ಮೆ ಕ್ಷೌರದ ಮುತ್ತಯ್ಯನದ್ದನ್ನು ಬಿಗಿಯುವುದು ಮರೆತುಹೋಗಿತ್ತು. ಮಾರನೆಯ ದಿನ ನನ್ನ ತಲೆಗೆ ನೀರು ಹಾಕಿ ತಿಕ್ಕಿದವನು, ಸಾಸಿವೆ ಡಬ್ಬಿ ತೆಗೆದು, "ಕರಿಬೇವು ಜಾಸ್ತಿ ಇರ್ಲಾ, ಕಮ್ಮಿ ಇರ್ಲಾ?" ಎಂದು ಕೇಳಿದ್ದ. ಇಂಥವಕ್ಕೆಲ್ಲ ನಾವು ನಕ್ಕು ಸುಮ್ಮನಾಗುತ್ತೇವೆ. ನಗು ಬಾರದ ಗಂಟು ಒಂದೇ. ಎರಡೂ ದಾರದ ತುದಿಯಲ್ಲಿರುವ ಕೆಂಪು ಗಂಟು. ಅದನ್ನು ಸಾಕು ಗಂಟು ಎನ್ನುತ್ತೇವೆ. ಅದು ಯಾವ ಕೆಲಸವನ್ನೂ ಮಾಡಿಸುವುದಿಲ್ಲ, ನಿಲ್ಲಿಸುತ್ತದೆ ಅಷ್ಟೆ. ಗೋಡೆ ಮುಗಿದಾಗ ಕರಣೆ ಕೆಳಗಿಡಿಸುವುದು, ಗಡಿಗೆ ತುಂಬಿದಾಗ ಹಗ್ಗ ಬಿಡಿಸುವುದು, ಸಂಜೆಯಾದಾಗ ಮನೆಯ ನೆನಪು ತರುವುದು ಅದೇ.

ಪ್ರತಿ ಅಮಾವಾಸ್ಯೆ ಮರಿದೇವಯ್ಯನವರು ಅರಳಿಕಟ್ಟೆಯ ಮೇಲೆ ಕೂತು ಎಲ್ಲರ ಗಂಟು ನೋಡುತ್ತಾರೆ. ಜನ ಸಾಲಾಗಿ ಬಂದು ಕೈ ಚಾಚುತ್ತಾರೆ, ಬಲಗೈ. ದೊಡ್ಡವರ ಮುಂದೆ ಎಡಗೈ ಚಾಚುವವರು ಯಾರಿದ್ದಾರೆ? ನಾನೊಬ್ಬನಿದ್ದೆ. ಹುಟ್ಟಾ ಎಡಚ. ಪ್ರಸಾದಕ್ಕೆ ಎಡಗೈ, ನಮಸ್ಕಾರಕ್ಕೆ ಎಡಗೈ, ಊಟಕ್ಕೆ ಎಡಗೈ. ಅವ್ವ ಬದುಕಿರುವಷ್ಟು ದಿನ ಆ ಕೈ ಹಿಡಿದು ಹೊಡೆದದ್ದೇ ಹೊಡೆದದ್ದು. ಹಿಡಿದಾಗಲೆಲ್ಲ ದಾರ ಕಣ್ಣಿಗೆ ಬೀಳುತ್ತಿತ್ತು, ಬಿದ್ದಾಗಲೆಲ್ಲ ಬಯ್ಯುತ್ತಲೇ ಗಂಟು ಬಿಗಿ ಮಾಡುತ್ತಿದ್ದಳು. ಈ ಮಾತು ನೆನಪಿಟ್ಟುಕೊಳ್ಳಿ, ಕ್ಲೈಮ್ಯಾಕ್ಸಿಗೆ ಬೇಕಾಗುತ್ತದೆ.

ಈಗ ಭಾವನ ವಿಷಯ. ಬೋರಲಿಂಗ ಭಾವ ಗಾರೆ ಕೆಲಸದವನು. ಮಾತು ಕಡಿಮೆ. ಅಕ್ಕನ ಮುಂದೆ ಆಡಲಾಗದ್ದನ್ನೆಲ್ಲ ಗೋಡೆಯ ಮುಂದೆ ಆಡುತ್ತಾನೆ ಎಂದು ನಾನು ರೇಗಿಸುತ್ತಿದ್ದೆ. ಕೂದಲೆಳೆಯಷ್ಟು ಓರೆಯಾದರೂ ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುವ ಮನುಷ್ಯ. ಗೋಡೆ ಮುಗಿದರೆ ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟಿ ಮನೆಗೆ ಬರುತ್ತಿದ್ದ. ಮೊಳಕೈವರೆಗೆ ಸದಾ ಸುಣ್ಣ. "ಕೈ ತೊಳ್ಕೊಂಡು ಬಾರಯ್ಯಾ, ಆ ಸುಣ್ಣ ಚರ್ಮಾನೂ ತಿಂತದೆ, ದಾರಾನೂ ತಿಂತದೆ" ಎಂದು ಅಕ್ಕ ದಿನವೂ ಕೂಗುತ್ತಿದ್ದಳು. ಭಾವ ದಿನವೂ ನಕ್ಕು ತಟ್ಟೆಯ ಮುಂದೆ ಕೂರುತ್ತಿದ್ದ.

ಒಂದು ಸಂಜೆ ಭಾವ ಊಟಕ್ಕೆ ಬರಲಿಲ್ಲ. ಹೂವಿನ ಚನ್ನಾಜಮ್ಮನ ಮನೆಗೆ ಜಗಲಿ ಕಟ್ಟಲು ಹೋದವನು, ಅದು ಮುಗಿದ ಮೇಲೆ ಪಕ್ಕದ ಮನೆಗೂ ಒಂದು ಕಟ್ಟಿದ್ದ. ಅದರ ಪಕ್ಕದ ಮನೆಗೂ ಒಂದು. ಬೆಳಗಾಗುವ ಹೊತ್ತಿಗೆ ಇಡೀ ಬೀದಿಗೆ ಬಿಟ್ಟಿ ಜಗಲಿ. ಜನಕ್ಕೆ ಖುಷಿಯೋ ಖುಷಿ. "ಲೇ ಜವ್ರ, ನಿಮ್ಮ ಭಾವಂಗೆ ನಮ್ಮನೆ ದಾರೀನೂ ಒಸಿ ತೋರ್ಸಲಾ" ಎಂದು ಮುತ್ತಯ್ಯ ನನಗೆ ಬೀಡಿ ಕೊಟ್ಟು ಬೇಡಿಕೊಂಡ. ಅಕ್ಕನೂ ಸೆರಗು ಸಿಕ್ಕಿಸಿಕೊಂಡು, "ನಮ್ಮೋರು ಕೆಲಸಕ್ಕೆ ನಿಂತ್ರೆ ಹಂಗೇಯ" ಎಂದು ನೀರಿನ ನಲ್ಲಿಯ ಹತ್ತಿರ ಮೆರೆದಳು. ನಾನು ಕಹಳೆಯಲ್ಲಿ, "ಬೋರಲಿಂಗ ಇಟ್ಟಿಗೆ ಎತ್ತಿದರೆ ಬೀದಿ ಬಗ್ಗಬೇಕು, ಕರಣೆ ಎತ್ತಿದರೆ ಕೋಟೆ ಎದ್ದು ನಿಲ್ಲಬೇಕು!" ಎಂದು ಸಾರಿದೆ. ಇಷ್ಟೊಂದು ಬೆಳೆಯುತ್ತಿದೆಯಲ್ಲ, ಏಕೆ, ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಆಮೇಲೆ ಜಗಲಿಯ ಮೇಲೆ ಜಗಲಿ ಬಂತು. ಚನ್ನಾಜಮ್ಮನ ಬಾಗಿಲು ಅರ್ಧ ಮುಚ್ಚಿತು. ಮುತ್ತಯ್ಯ ಕಿಟಕಿಯಿಂದ ಅಂಗಡಿಗೆ ಇಳಿಯತೊಡಗಿದ, ಗಿರಾಕಿಗಳು ಏಣಿ ತರತೊಡಗಿದರು. ಕಟ್ಟುತ್ತಿದ್ದದ್ದು ಬರುಬರುತ್ತ ಗೋಡೆಯೂ ಆಗಿರಲಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ಇಳಿಬಿಟ್ಟು ನೋಡುವ ತೂಕದ ಗುಂಡು ಮನೆಯ ಗೂಟದಲ್ಲೇ ನೇತಾಡುತ್ತಿತ್ತು. ಬಾಗಿಲಿಲ್ಲ, ಮೂಲೆಯಿಲ್ಲ, ಯಾರಿಗೆ ಎಂಬುದಿಲ್ಲ. ಬರೀ ಗುಪ್ಪೆ. ಕೂದಲೆಳೆ ಓರೆಗೆ ಗೋಡೆ ಕೆಡವುತ್ತಿದ್ದ ಮನುಷ್ಯ ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನು ಸುಮ್ಮನೆ ಅಂಟಿಸುತ್ತಿದ್ದ. ಕಲಸಲು ನೀರು ಸಾಲದೆ ಬೀದಿ ನಲ್ಲಿಯಿಂದ ತನ್ನ ಗುಪ್ಪೆಗೇ ಕಾಲುವೆ ತೋಡಿಕೊಂಡ. ಕೆಳಗಿನ ಮನೆಗಳಿಗೆ ಕುಡಿಯಲು ಹನಿ ಇಲ್ಲದಾಯಿತು. ಗರಡಿಮನೆಯವರು ಬಂದು ಕೆಡವಿದರೆ, ಕೆಡವಿದ ಚೂರುಗಳನ್ನೇ ಎತ್ತಿಕೊಂಡು ಬೇರೆ ಕಡೆ ಅಂಟಿಸಿದ. ಹಾಗೇ ಬಾವಿಕಟ್ಟೆಯ ಹತ್ತಿರ ಒಂದು ಗುಪ್ಪೆ ಎದ್ದಿತು. ನಮ್ಮ ಟೆಂಟಿನ ಪರದೆಯ ಕೆಳಗೊಂದು. ಆ ವಾರ ಸಿನಿಮಾದಲ್ಲಿ ಹೀರೋಗೆ ಕಾಲೇ ಇರಲಿಲ್ಲ, ಸೊಂಟದಿಂದ ಮೇಲಷ್ಟೇ ಫೈಟ್ ಮಾಡಿದ.

ನಗಬೇಡಿ, ಅಕ್ಕ ನಗುತ್ತಿರಲಿಲ್ಲ. ಅವಳು ಬುತ್ತಿ ಹಿಡಿದು ಭಾವನ ಹಿಂದೆ ಹಿಂದೆಯೇ ತಿರುಗಿ, ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಭಾವ ನುಂಗುತ್ತಿದ್ದ, ಒಮ್ಮೊಮ್ಮೆ ನುಂಗುವುದೂ ಮರೆಯುತ್ತಿದ್ದ. ಬೆನ್ನಿನ ಮೂಳೆ ಎಣಿಸುವ ಹಾಗಾಗಿತ್ತು. "ನೋಡು ಇತ್ತ, ನಾನ್ಯಾರು?" ಎಂದು ಅಕ್ಕ ಕೇಳಿದರೆ, "ಜರುಗು, ಅಲ್ಲೊಂದು ಇಟ್ಟಿಗೆ ಬರ್ತದೆ" ಎನ್ನುತ್ತಿದ್ದ.

ಕೊನೆಗೆ ಮರಿದೇವಯ್ಯನವರು ಬಂದರು. ಭಾವನ ಬಲಗೈ ಹಿಡಿದು ತಿರುಗಿಸಿ ನೋಡಿದರು. ಸಾಕು ಗಂಟು ಇತ್ತು. ಸುಣ್ಣ ಹತ್ತಿ ಬೆಳ್ಳಗಾಗಿತ್ತು, ಆದರೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. "ಗಂಟು ಭದ್ರವಾಗೈತೆ. ಹಂಗಾರೆ ಇದು ಗಂಟಿನ ದೋಸ ಅಲ್ಲ, ಮನುಸನ ಕೊಬ್ಬು. ನಾಳೆ ಮಧ್ಯಾಹ್ನ ಎಲ್ಲಾ ಗಂಟೂ ಕಟ್ಬಿಡಾನ" ಎಂದರು. ಎಲ್ಲಾ ಗಂಟು ಕಟ್ಟುವುದೆಂದರೇನೆಂದು ಊರಿಗೇ ಗೊತ್ತು. ಗಾಣದ ಸಿದ್ಧಮಲ್ಲನಿಗೆ ಹಿಂದೆ ಹಾಗೆ ಕಟ್ಟಿದ್ದರು. ಅವನು ಇವತ್ತಿಗೂ ಕೆರೆಯ ಏರಿಯ ಮೇಲೆ ಕೂತಿದ್ದಾನೆ. ಎದುರಿಗೆ ಅನ್ನವಿಟ್ಟರೆ ಅದನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹೆಂಡತಿ ಬಂದರೆ ಮರ ನೋಡಿದ ಹಾಗೆ ನೋಡುತ್ತಾನೆ.

ಹೀಗೆ ಮರುದಿನ ಮಧ್ಯಾಹ್ನಕ್ಕೆ ನನ್ನ ಭಾವ ಏರಿಯ ಮೇಲಿನ ಎರಡನೆಯ ಮನುಷ್ಯನಾಗಬೇಕಿತ್ತು. ಆಗ ಬಂದೆ ನೋಡಿ ನಾನು. ಮಧ್ಯಾಹ್ನದ ಬಿಸಿಲು, ಬೀದಿ ತುಂಬ ಜನ, ಯಜಮಾನರ ಕೈಯಲ್ಲಿ ಎಲ್ಲಾ ಗಂಟು ಬಿಗಿಯುವ ಕಪ್ಪು ದಾರ. ದೂಳೆಬ್ಬಿಸಿಕೊಂಡು ಜಟಕಾ ಬಂದು ನಿಂತಿತು. ಮೊದಲು ಕಾಲು ತೋರಿಸಿದೆ, ಆಮೇಲೆ ಮುಖ. ಕಹಳೆ ಎತ್ತಿ ಹೇಳಿದೆ: "ಏಯ್! ಕಟ್ಟೋ ಕೈಗೆ ಊರು ಹೆದರಬಹುದು. ಆದರೆ ಈ ಎಡಗೈ ಎದ್ದರೆ ಕಟ್ಟೋ ಕೈನೇ ಕಟ್ಟಿಕೊಂಡು ನಿಲ್ಲಬೇಕು!" ಭಾವ ಗಡಗಡ ನಡುಗಿದ. ನನ್ನ ಎಡಗೈಯ ಸಾಕು ಗಂಟನ್ನು ಹಲ್ಲಿನಲ್ಲೇ ಕಿತ್ತು ಅವನ ಎಡಗೈಗೆ ಕಟ್ಟಿದೆ. ಕರಣೆ ಠಣ್ಣನೆ ಕೆಳಗೆ ಬಿತ್ತು. ಶಿಳ್ಳೆಯೋ ಶಿಳ್ಳೆ. ಶುಭಂ.

ಹೀಗೆಂದು ನಾನು ಟೆಂಟಿನ ಗೇಟಿನಲ್ಲಿ ನಿಂತು ಎಷ್ಟೋ ಜನಕ್ಕೆ ಹೇಳಿದ್ದೇನೆ. ನಿಮಗೂ ಇಷ್ಟಕ್ಕೇ ಮಂಗಳ ಹಾಡಿ ಕಳಿಸುತ್ತಿದ್ದೆ. ಆದರೆ ಅಕ್ಕ ಈಗ ನನ್ನ ಬೆನ್ನ ಹಿಂದೆ ಸೊಪ್ಪು ಬಿಡಿಸುತ್ತ ಕೂತಿದ್ದಾಳೆ. "ಮುಗೀತಾ ನಿನ್ನ ಪಿಚ್ಚರ್ರು? ಈಗ ನಡೆದದ್ ಹೇಳ್ಲಾ, ಸುಳ್ಳ" ಎನ್ನುತ್ತಿದ್ದಾಳೆ. ಕೈಯಲ್ಲಿ ಕುಡುಗೋಲು ಬೇರೆ ಇದೆ. ಸರಿ, ಹೇಳುತ್ತೇನೆ.

ಅವತ್ತು ಬೆಳಗ್ಗೆ ನಾನು ಅಕ್ಕನ ಅಡುಗೆಮನೆಯಲ್ಲಿದ್ದೆ. ಅವಳು ಒಲೆ ಹಚ್ಚದೆ ಒಲೆಯ ಮುಂದೆ ಕೂತಿದ್ದಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಮಿಮಿಕ್ರಿ ಬರುತ್ತದೆ. ನಮ್ಮ ಟೆಂಟಿನಲ್ಲಿ ಸಿನಿಮಾಕ್ಕೆ ಮುಂಚೆ ಒಂದು ಸರ್ಕಾರಿ ರೀಲು ಹಾಕುತ್ತಾರೆ. ಅದು ಓಡುವಾಗ ಊರೆಲ್ಲ ಕಡಲೆಕಾಯಿ ತರಲು ಹೋಗಿರುತ್ತದೆ, ಒಳಗೆ ನಾನೊಬ್ಬನೇ. ಅದರ ಮೂಗಿನ ದನಿ ನನಗೆ ಬಾಯಿಪಾಠ. ಅಕ್ಕ ನಗಲಿ ಎಂದು ಮೂಗು ಹಿಡಿದುಕೊಂಡು ಶುರು ಮಾಡಿದೆ: "ನಾಗರಿಕರೇ! ನಿಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಇಡೀ ದೇಹದ ಪಾಠ ಅಡಗಿದೆ. ಕಣ್ಣಿನ ಕೋಶ ಕಣ್ಣಿನ ಪಾಠವನ್ನಷ್ಟೇ ತೆರೆಯುತ್ತದೆ, ಉಳಿದದ್ದನ್ನು ಮುಚ್ಚಿಡುತ್ತದೆ. ಬೆಳೆಯೆನ್ನುವ ಪಾಠವಿದೆ, ನಿಲ್ಲೆನ್ನುವ ಪಾಠವೂ ಇದೆ. ನಿಲ್ಲೆನ್ನುವುದಕ್ಕೆ ಎರಡು ಪ್ರತಿ, ಒಂದು ತಾಯಿಯದು, ಒಂದು ತಂದೆಯದು. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಎರಡೂ ಕೆಟ್ಟರೆ ಕೋಶ ನಿಲ್ಲುವುದನ್ನೇ ಮರೆಯುತ್ತದೆ. ಅದೇ ಕ್ಯಾನ್ಸರ್. ಆಗ ಮಾಡಬೇಕಾದದ್ದೇನೆಂದರೆ..."

ಅಲ್ಲಿಗೆ ನಿಲ್ಲಿಸಿದೆ. ಅಕ್ಕ ನಕ್ಕಿರಲಿಲ್ಲ. "ಇನ್ನೊಂದ್ಸಲ ಹೇಳು" ಎಂದಳು.

"ಯಾವ್ದು?"

"ಒಂದು ತಾಯೀದು, ಒಂದು ತಂದೇದು. ಅದು."

ಹೇಳಿದೆ. "ಎರಡೂ ಕೆಟ್ರೆ ಏನ್ ಮಾಡ್ಬೇಕಂತೆ?" ಎಂದು ಅಕ್ಕ ಕೇಳಿದಳು.

"ರೀಲು ಅಲ್ಲಿಗೆ ಕಟ್ಟಾಗೈತೆ ಅಕ್ಕ. ಆಮ್ಯಾಕೆ ಫೈಟಿಂಗ್ ಶುರು."

ಅವಳು ಎದ್ದು ಹೊರಟೇಬಿಟ್ಟಳು, ನಾನು ಹಿಂದೆ ಓಡಿದೆ. ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಅಕ್ಕ ನೇರ ಹೋಗಿ, ಎಲ್ಲರೆದುರಿಗೆ, ಗಂಡನ ಎಡಗೈ ಹಿಡಿದೆಳೆದಳು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಎಡಗೈಯ ದಾರದಲ್ಲಿ ಉಳಿದ ಗಂಟುಗಳೆಲ್ಲ ಇದ್ದವು, ತುದಿಯ ಕೆಂಪು ಗಂಟು ಇರಲಿಲ್ಲ. ಯಾವತ್ತು ಉದುರಿತೋ, ಯಾರು ನೋಡಿದ್ದರು? ಆಮೇಲೆ ಬಲಗೈ ಹಿಡಿದು, ಆ ಬೆಳ್ಳಗಿನ ಗಂಟಿಗೆ ಕರಣೆಯ ಹಿಡಿಯಿಂದ ಒಂದು ಏಟು ಕೊಟ್ಟಳು. ಗಂಟು ಪುಡಿಪುಡಿಯಾಯಿತು. ಒಳಗೆ ದಾರದ ಒಂದು ಎಳೆಯೂ ಇರಲಿಲ್ಲ. ದಾರ ಕೊಳೆತುಹೋಗಿ, ಸುಣ್ಣವೇ ಗಂಟಿನ ಆಕಾರ ಹಿಡಿದು ಕೂತಿತ್ತು.

ಮರಿದೇವಯ್ಯನವರು ಕಪ್ಪು ದಾರ ಕೆಳಗಿಟ್ಟರು. "ಎರಡೂ ಇಲ್ಲವಲ್ಲೇ, ತಾಯಿ."

"ಹೊಸದು ಹಾಕಿ."

"ಸಾಕು ಗಂಟು ಹುಟ್ಟಿದ ದಿನ ಬಿದ್ದದ್ದೇಯ, ಆಮ್ಯಾಕೆ ಹೊಸದಾಗಿ ಹಾಕಾಕ್ ನಂಗೂ ಬರಕಿಲ್ಲ, ನಮ್ಮಪ್ಪಂಗೂ ಬರ್ತಿರ್ಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸರಿಸಬೌದು, ಅಷ್ಟೇಯ. ಕೊಟ್ಟೋರಿಗೆ ಒಂದೇ ಉಳೀತದೆ."

"ನಂದು ತಗೊಳ್ಳಿ" ಎಂದು ಅಕ್ಕ ಎಡಗೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು. ಅವಳದ್ದೂ ಖಾಲಿ. ಪಾತ್ರೆ ಬೂದಿಯೋ, ಹಿತ್ತಲ ಬಿಸಿಲೋ, ಯಾವುದು ತಿಂದಿತ್ತೋ. ಆಗ ನೋಡಬೇಕಿತ್ತು ಬೀದಿಯನ್ನು. ಒಬ್ಬೊಬ್ಬರೇ ಕಳ್ಳರ ಹಾಗೆ ತಮ್ಮ ಎಡಗೈ ತಿರುಗಿಸಿ ನೋಡಿಕೊಂಡರು. ಮುತ್ತಯ್ಯನದು ಎಳೆ ಬಿಟ್ಟು ಜುಂಜುರು ಜುಂಜುರು. ಚನ್ನಾಜಮ್ಮನದು ಒಂದೆಳೆಯಲ್ಲಿ ನೇತಾಡುತ್ತಿತ್ತು. ಕೆಲವರು ನೋಡಿಕೊಂಡು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಯಜಮಾನರು ತಮ್ಮದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡವರು ತೆಗೆಯಲೇ ಇಲ್ಲ. ಅಕ್ಕ ತಲೆಯೆತ್ತಿ ಸುತ್ತ ಹುಡುಕಿದಳು. "ನಮ್ ಎಡಚ ಎಲ್ಲಿ?"

ನಮ್ ಎಡಚ ಅಷ್ಟರಲ್ಲಿ ಬೀದಿಯಲ್ಲೇ ನಿಲ್ಲಿಸಿದ್ದ ಜಟಕಾ ಹತ್ತಿದ್ದ. ಹೌದು, ಓಡಿಹೋಗಲು. ನನ್ನ ಎಡಗೈಯ ಕೆಂಪು ಗಂಟು ಅವ್ವನ ಏಟು ತಿಂದು ತಿಂದು ಹುರಿಯಂತೆ ಗಟ್ಟಿಯಾಗಿದೆ ಎಂದು ನನಗೆ ಗೊತ್ತಿತ್ತು. ಅದು ಹೋದರೆ ಉಳಿಯುವುದು ಒಂದು. ಆ ಒಂದೂ ಯಾವತ್ತೋ ಸವೆದರೆ? ಗಂಟಲು ಹರಿದು ರಕ್ತ ಬಂದರೂ ಕೂಗುತ್ತಲೇ ಇರುವ ಜವರಾಜು ಕಣ್ಣ ಮುಂದೆ ಬಂದ. ಚಾವಟಿ ಬೀಸಿದೆ. ಕುದುರೆ ಎಳೆಯಿತು. ಗಾಡಿ ಕದಲಲಿಲ್ಲ. ಬಗ್ಗಿ ನೋಡುತ್ತೇನೆ, ಎಡಗಡೆಯ ಚಕ್ರದ ಸುತ್ತ ಇಟ್ಟಿಗೆ! ಅಕ್ಕ ಕೈ ಬಿಟ್ಟ ಮರುಗಳಿಗೆಯೇ ನನ್ನ ಭಾವ ಹತ್ತಿರ ಸಿಕ್ಕ ಜಟಕಾಕ್ಕೂ ಒಂದು ಗುಪ್ಪೆ ಕಟ್ಟಲು ಕೂತಿದ್ದ. ಇದೇ ನನ್ನ ಎಂಟ್ರಿ.

ಅಕ್ಕ ಬಂದು ನನ್ನ ಕಾಲು ಹಿಡಿದಳು. ನಮಸ್ಕಾರಕ್ಕಲ್ಲ, ಎಳೆಯಲು. "ಅಕ್ಕ, ಬ್ಯಾಡ ಅಕ್ಕ, ನನ್ ಗಂಟ್ಲು ಹೋಯ್ತದೆ, ನಾನಿನ್ನೂ ಮದ್ವೆ ಆಗ್ಬೇಕು" ಎಂದೆ. ಅಳುತ್ತಲೇ ಅಂದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಎಳೆಯುವುದನ್ನು ನಿಲ್ಲಿಸಿ, "ನಂದೂ ಒಂದೇ ಇರೋದು ಕಣ್ಲಾ ಜವ್ರ. ನಂಗೂ ಭಯ ಆಯ್ತದೆ. ಇನ್ಮ್ಯಾಕೆ ದಿನಾ ನಾನ್ ನಿಂದು ನೋಡ್ತೀನಿ, ನೀನ್ ನಂದು ನೋಡು" ಎಂದಳು. ಅಕ್ಕನಿಗೆ ಭಯವಾಗುತ್ತದೆಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಕೆಳಗಿಳಿದೆ. ಕೈ ಚಾಚಿದೆ, ಮುಖ ಆ ಕಡೆ ತಿರುಗಿಸಿಕೊಂಡು.

ಹಲ್ಲಿನಲ್ಲಿ ಕಿತ್ತದ್ದೆಲ್ಲ ಬುರುಡೆ. ಸರಿಸಿದ್ದು ಮರಿದೇವಯ್ಯನವರು, ಉಗುರಿನ ತುದಿಯಿಂದ, ಮಗುವಿನ ಕಿವಿ ಚುಚ್ಚುವಷ್ಟು ಮೆಲ್ಲಗೆ. ಡೈಲಾಗು ಹೊಡೆಯಲೆಂದು ಬಾಯಿ ತೆಗೆದದ್ದು ನಿಜ. "ಭಾವ" ಎಂಬುದೊಂದೇ ಬಂತು. ಭಾವನ ಕೈಯಲ್ಲಿದ್ದ ಇಟ್ಟಿಗೆ ಅರ್ಧ ದಾರಿಯಲ್ಲಿ ನಿಂತಿತು. ಅವನು ಅದನ್ನು ಹೊಸಬರನ್ನು ನೋಡಿದ ಹಾಗೆ ನೋಡಿದ. ಆಮೇಲೆ ಸದ್ದಾಗದಂತೆ ಕೆಳಗಿಟ್ಟ. ತಲೆಯೆತ್ತಿ ಬೀದಿ ನೋಡಿದ, ಗುಪ್ಪೆಗಳನ್ನು ನೋಡಿದ, ಅಕ್ಕನನ್ನು ನೋಡಿದ.

"ದೇವೀ, ಹಸೀತೈತೆ ಕಣೇ."

"ಹಸೀದೇ ಏನು! ಕೈ ತೊಳ್ಕೊಂಡು ಬಾರಯ್ಯಾ ಅಂತ ಬಡ್ಕೊಂಡೆನಲ್ಲ, ಕೇಳಿದ್ಯಾ ನನ್ ಮಾತ!" ಎಂದು ಅಕ್ಕ ಬೀದಿಯೇ ಅದುರುವ ಹಾಗೆ ಕೂಗಾಡಿದಳು. ಕೂಗಾಡುತ್ತಲೇ ರಾತ್ರಿ ಅಲ್ಲೇ ಬಿಟ್ಟಿದ್ದ ಬುತ್ತಿ ಬಿಚ್ಚಲು ಹೋದಳು, ಗಂಟು ಬಿಚ್ಚಲು ಅವಳ ಬೆರಳಿಗೆ ಬರಲಿಲ್ಲ.

ಗುಪ್ಪೆಗಳನ್ನು ಇನ್ನೂ ಒಡೆಯುತ್ತಲೇ ಇದ್ದೇವೆ. ಬಾವಿಯ ಹಿಂದೆ ಮೊನ್ನೆ ಇನ್ನೊಂದು ಸಿಕ್ಕಿತು. ಇನ್ನೆಲ್ಲಾದರೂ ಇದೆಯೇನೋ ಎಂದು ಅಕ್ಕ ಊರೆಲ್ಲ ಕಣ್ಣಾಡಿಸುತ್ತಾಳೆ. ಭಾವ ತೂಕದ ಗುಂಡನ್ನು ಗೂಟದಿಂದ ಇಳಿಸಿ ಒರೆಸಿಟ್ಟಿದ್ದಾನೆ, ಕೆಲಸಕ್ಕೆ ಇನ್ನೂ ಹೋಗುತ್ತಿಲ್ಲ. ಅರಳಿಕಟ್ಟೆಯಲ್ಲಿ ಈಗ ಎರಡೂ ಕೈ ಚಾಚಬೇಕು. ಯಜಮಾನರ ಕೈಯನ್ನು ಚನ್ನಾಜಮ್ಮ ನೋಡುತ್ತಾಳೆ. ಆದರೆ ಟೆಂಟಿನ ಗೇಟಿನಲ್ಲಿ ನಾನು ಯಾರಿಗೂ ಹೇಳದೆ ಬಿಟ್ಟದ್ದು ಒಂದಿದೆ. ಅವತ್ತು ಬುತ್ತಿ ಬಿಚ್ಚಿದವನು ನಾನು. ಅಕ್ಕ ಭಾವನ ಕೈಯ ಸುಣ್ಣ ತೊಳೆಯುತ್ತಿದ್ದಳು. ಮುದ್ದೆ ಮುರಿದು, ಸಾರಿಗದ್ದಿ, ತುತ್ತು ಭಾವನ ಬಾಯಿಗಿಟ್ಟೆ. ಯಾವ ಕೈಯಲ್ಲಿ ಇಡುತ್ತಿದ್ದೇನೆಂದು ಇಟ್ಟ ಮೇಲೆ ನೋಡಿಕೊಂಡೆ. ಇಡೀ ಬೀದಿ ನಿಂತು ನೋಡುತ್ತಿತ್ತು. ಎಡಗೈ ಎಂದು ಯಾರೂ ತಡೆಯಲಿಲ್ಲ. ಭಾವ ನುಂಗಿದ.